ಗೇರ್ ಲಿವರ್ ಗಲಗಲ ಎನ್ನುತ್ತಿದೆ: ಗೇರ್ ಬಾಕ್ಸ್ ಇಳಿಸಬೇಕೆ?

ಪ್ರಶ್ನೆ: ನನ್ನ ಬಳಿ 2004ರ ಮಾರುತಿ 800 ಇದೆ. ಕೆಲವು ತಿಂಗಳುಗಳಿಂದ ಗೇರ್ ಲಿವರ್ ಗಲಗಲ ಸದ್ದು ಮಾಡುತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗ ಸದ್ದು ಹೆಚ್ಚು, ಲಿವರ್ ಮೇಲೆ ಕೈ ಇಟ್ಟರೆ ನಿಂತುಹೋಗುತ್ತದೆ. ಗೇರ್ ಬೀಳುವುದರಲ್ಲಿ ತೊಂದರೆಯೇನೂ ಇಲ್ಲ. ಗೇರ್ ಬಾಕ್ಸ್ ಇಳಿಸಿ ನೋಡಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಇಳಿಸಲೇಬೇಕೆ?

ಉತ್ತರ: ಈಗಲೇ ಬೇಡ. ನೀವು ಹೇಳಿರುವ ಲಕ್ಷಣಗಳಲ್ಲಿ ಗೇರ್ ಬಾಕ್ಸಿನ ಒಳಗಿನ ದೋಷವನ್ನು ಸೂಚಿಸುವಂಥದ್ದು ಯಾವುದೂ ಇಲ್ಲ. ಸದ್ದು ಲಿವರ್ ಬಳಿ ಕೇಳಿಸುತ್ತದೆ ಎಂಬುದರಿಂದ ಅದು ಎಲ್ಲಿ ಹುಟ್ಟುತ್ತಿದೆ ಎಂಬುದು ತಿಳಿಯುವುದಿಲ್ಲ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಮಾತ್ರ ತಿಳಿಯುತ್ತದೆ. ಆ ಪರೀಕ್ಷೆಯ ಬಹುಪಾಲನ್ನು ಒಂದೇ ಒಂದು ಬೋಲ್ಟ್ ಬಿಚ್ಚದೆ ನೀವೇ ಮಾಡಬಹುದು.

ಮೊದಲು ರಚನೆಯನ್ನು ತಿಳಿದುಕೊಳ್ಳೋಣ. ಮಾರುತಿ 800ರಲ್ಲಿ ಎಂಜಿನ್ ಮುಂಭಾಗದಲ್ಲಿ ಅಡ್ಡಲಾಗಿ ಕೂತಿದೆ, ಗೇರ್ ಬಾಕ್ಸ್ ಅದರ ಪಕ್ಕದಲ್ಲಿದೆ. ಎರಡು ಸೀಟುಗಳ ನಡುವೆ ನಿಮ್ಮ ಕೈಗೆ ಸಿಗುವ ಲಿವರ್‌ಗೂ ಆ ಗೇರ್ ಬಾಕ್ಸಿಗೂ ನೇರ ಸಂಪರ್ಕವಿಲ್ಲ. ಲಿವರ್‌ನ ಕೆಳಭಾಗದ ಗುಂಡು ಒಂದು ಪ್ಲಾಸ್ಟಿಕ್ ಆಸನದಲ್ಲಿ ಕೂತಿರುತ್ತದೆ. ಅದರ ತುದಿಯಿಂದ ಹೊರಟ ಉದ್ದನೆಯ ರಾಡ್ ಕಾರಿನ ಅಡಿಯಲ್ಲಿ ಸಾಗಿ ಗೇರ್ ಬಾಕ್ಸಿನ ಶಿಫ್ಟ್ ಶಾಫ್ಟಿಗೆ, ಅಂದರೆ ಒಳಗೆ ಗೇರ್ ಬದಲಿಸುವ ದಂಡಕ್ಕೆ, ಸೇರುತ್ತದೆ. ಇದರ ಜೊತೆಯಲ್ಲೇ ಹೋಗುವ ಇನ್ನೊಂದು ರಾಡ್, ಅಂದರೆ ಎಕ್ಸ್‌ಟೆನ್ಷನ್ ರಾಡ್, ಲಿವರ್ ಕೂತಿರುವ ನೆಲೆಯನ್ನೇ ಗೇರ್ ಬಾಕ್ಸಿಗೆ ಬಿಗಿದು, ಎಂಜಿನ್ ಹಿಂದೆಮುಂದೆ ಓಲಾಡಿದಾಗ ಗೇರ್ ತಾನಾಗಿ ಜಾರದಂತೆ ಕಾಯುತ್ತದೆ. ಈ ಎರಡು ರಾಡುಗಳ ಕೀಲುಗಳಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆಯಂಥ ಬುಷ್‌ಗಳಿವೆ, ಮತ್ತು ಇಪ್ಪತ್ತು ವರ್ಷದ ಕಾರಿನಲ್ಲಿ ಅವು ಹೊಸದಾಗಿದ್ದಂತೆ ಉಳಿದಿರುವುದು ಅಪರೂಪ. ಸೈಲೆನ್ಸರ್ ಪೈಪ್ ಕೂಡ ಕಾರಿನ ಅಡಿಯಲ್ಲೇ ಹಾದುಹೋಗುವುದರಿಂದ ಅದರ ಶಾಖಕ್ಕೆ ಗ್ರೀಸ್ ಒಣಗುತ್ತದೆ, ಕೀಲನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಮಳೆಗಾಲದ ಕೆಸರು ನೀರು ನೇರವಾಗಿ ಕೀಲಿಗೇ ಇಳಿಯುತ್ತದೆ.

ಸಿಗ್ನಲ್‌ನಲ್ಲಿ ನಿಂತಾಗಲೇ ಸದ್ದು ಏಕೆ ಹೆಚ್ಚು ಎಂಬುದಕ್ಕೆ ಕಾರಣ ಎಂಜಿನ್‌ನಲ್ಲಿದೆ. 796 ಸಿಸಿಯ ಈ ಎಂಜಿನ್ನಿಗೆ ಮೂರೇ ಸಿಲಿಂಡರ್. ಎರಡು ಸುತ್ತಿಗೆ ಮೂರು ಬಾರಿ ಇಂಧನ ಉರಿಯುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಎಂಜಿನ್ ತಿರುಗುವಾಗ, ನಿಮಿಷಕ್ಕೆ 900 ಸುತ್ತು ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 22 ಹೊಡೆತಗಳಾದವು. ಈ ನಿಧಾನಗತಿಯ ನಡುಕ ಸವೆದ ಬುಷ್‌ನೊಳಗೆ ರಾಡನ್ನು ಅಲುಗಾಡಿಸಲು ಸಾಕು, ಮತ್ತು ಕೆಳಗಿನ ಕೀಲಿನಲ್ಲಿ ಕಣ್ಣಿಗೆ ಕಾಣದಷ್ಟಿರುವ ಪ್ಲೇ (ಸಡಿಲು), ಲಿವರ್ ಉದ್ದವಾಗಿರುವುದರಿಂದ, ಮೇಲಿನ ಗುಬುಟಿಯಲ್ಲಿ ಢಾಳಾಗಿ ತೋರುತ್ತದೆ.

ಈಗ ಪರೀಕ್ಷೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ. ಸದ್ದು ಬರುತ್ತಿರುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿಯಿರಿ. ಕ್ಲಚ್ ಒತ್ತಿದಾಗ ಎಂಜಿನ್ ತಿರುಗುತ್ತಲೇ ಇರುತ್ತದೆ, ಆದರೆ ಎಂಜಿನ್ನಿನ ತಿರುಗುವಿಕೆಯನ್ನು ಒಳಕ್ಕೆ ತರುವ, ಗೇರ್ ಬಾಕ್ಸಿನ ಒಳಗಿನ ಇನ್‌ಪುಟ್ ಶಾಫ್ಟ್ ನಿಂತುಬಿಡುತ್ತದೆ. ಹಾಗೆ ಒತ್ತಿದ ಮೇಲೂ ಗಲಗಲ ಮುಂದುವರಿದರೆ ಸದ್ದಿನ ಮೂಲ ಗೇರ್ ಬಾಕ್ಸಿನ ಹಲ್ಲುಗಳಲ್ಲಾಗಲಿ ಬೇರಿಂಗಿನಲ್ಲಾಗಲಿ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ರಾಡು, ಬುಷ್, ಮೌಂಟಿಂಗ್ (ಎಂಜಿನ್ನನ್ನು ಹಿಡಿದಿರುವ ರಬ್ಬರ್ ಆಧಾರ) ಇವುಗಳ ಕಡೆಗೆ ನೋಡಬೇಕು. ಒತ್ತಿದೊಡನೆ ಸಂಪೂರ್ಣ ನಿಂತು, ಬಿಟ್ಟೊಡನೆ ಮರಳಿದರೆ ಇನ್‌ಪುಟ್ ಬೇರಿಂಗ್ ಅಥವಾ ಕ್ಲಚ್ ಪ್ಲೇಟಿನ ಸ್ಪ್ರಿಂಗ್‌ಗಳ ಮೇಲೆ ಅನುಮಾನ ಪಡಬೇಕು. ತದ್ವಿರುದ್ಧವಾಗಿ ಒತ್ತಿದಾಗಲೇ ಚರ್ ಎಂಬ ಸದ್ದು ಹುಟ್ಟಿದರೆ ಅದು ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್. ಕ್ಲಚ್ ಒತ್ತಿದಾಗ ಐಡ್ಲಿಂಗ್ ತುಸು ಬದಲಾಗುವುದುಂಟು, ಆದ್ದರಿಂದ ಸದ್ದು ಕೊಂಚ ಏರಿತು ಅಥವಾ ಇಳಿಯಿತು ಎಂಬುದನ್ನು ಸಾಕ್ಷಿಯೆಂದು ತೆಗೆದುಕೊಳ್ಳಬಾರದು.

ಮುಂದಿನದು ಇಬ್ಬರು ಸೇರಿ ಮಾಡುವ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಅತಿ ಮುಖ್ಯವಾದದ್ದು. ಎಂಜಿನ್ ಆರಿಸಿ, ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ, ಗ್ಯಾರೇಜಿನ ರ‍್ಯಾಂಪ್ ಅಥವಾ ಗುಂಡಿಯ ಮೇಲೆ ಕಾರನ್ನು ನಿಲ್ಲಿಸಿ ನೋಡಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಕಾರಿನ ಅಡಿಗೆ ಹೋಗಬಾರದು. ಒಬ್ಬರು ಒಳಗೆ ಕೂತು ಲಿವರನ್ನು ನಿಧಾನವಾಗಿ ನಾಲ್ಕೂ ದಿಕ್ಕಿಗೆ ಆಡಿಸಲಿ, ಇನ್ನೊಬ್ಬರು ಕೆಳಗಿನಿಂದ ರಾಡನ್ನು ನೋಡಲಿ. ಲಿವರ್ ಅಲುಗಿದರೂ ರಾಡ್ ತಕ್ಷಣ ಅಲುಗದಿದ್ದರೆ ಲಿವರ್ ಬುಡದ ಬುಷ್ ಸವೆದಿದೆ. ರಾಡ್ ಅಲುಗಿದರೂ ಗೇರ್ ಬಾಕ್ಸಿನ ಶಾಫ್ಟ್ ತಡವಾಗಿ ಚಲಿಸಿದರೆ ಮುಂದಿನ ಕೀಲು ಅಥವಾ ಅದರ ಬೋಲ್ಟ್ ಸಡಿಲವಾಗಿದೆ. ಲಿವರ್‌ನ ನೆಲೆಯೇ ಅಲ್ಲಾಡುತ್ತಿದ್ದರೆ ಎಕ್ಸ್‌ಟೆನ್ಷನ್ ರಾಡಿನ ರಬ್ಬರ್ ಹೋಗಿದೆ. ಹತ್ತು ನಿಮಿಷದ ಈ ನೋಟ ಮುಗಿಯುವ ಮೊದಲು ಗೇರ್ ಬಾಕ್ಸ್ ಇಳಿಸುವ ಮಾತಿಗೆ ಒಪ್ಪಬೇಡಿ. ಕೆಳಗಿರುವಾಗಲೇ ಸೈಲೆನ್ಸರಿನ ಶಾಖ ತಡೆಯುವ ತಗಡನ್ನೂ ಅದನ್ನು ತೂಗುಹಾಕಿರುವ ರಬ್ಬರುಗಳನ್ನೂ ಕೈಯಿಂದ ತಟ್ಟಿ ನೋಡಿ. ತುಕ್ಕು ಹಿಡಿದ ತಗಡಿನ ಸದ್ದು ಕಾರಿನ ಒಳಗೆ ಗೇರ್ ಲಿವರ್‌ನದೇ ಎಂಬಂತೆ ಕೇಳಿಸುತ್ತದೆ. ಹಾಗೆಯೇ ಲಿವರ್‌ನ ತಲೆಯ ಗುಬುಟಿ ತಿರುಪಿನಲ್ಲಿ ಸಡಿಲವಾಗಿದೆಯೇ ಎಂಬುದನ್ನೂ ಮರೆಯಬೇಡಿ.

ಎಂಜಿನ್ ಮೌಂಟಿಂಗ್ ತಿಳಿಯುವುದು ಓಡಿಸುವಾಗ. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಹೋಗುತ್ತ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದಾಗ ಲಿವರ್ ಎದ್ದು ಕಾಣುವಷ್ಟು ಹಿಂದಕ್ಕೂ ಮುಂದಕ್ಕೂ ಸರಿದರೆ, ಎಂಜಿನ್ ತನ್ನ ನೆಲೆಯಲ್ಲಿ ಅತಿಯಾಗಿ ಹೊರಳುತ್ತಿದೆ ಎಂದರ್ಥ. ತುಸು ಚಲನೆ ಈ ರಚನೆಗೆ ಸಹಜವೇ. ಮೌಂಟಿಂಗ್ ಹೋಗಿರುವಾಗ ಬುಷ್ ಮಾತ್ರ ಬದಲಿಸಿದರೆ ಹೊಸ ಬುಷ್ ಕೂಡ ಬೇಗನೆ ಸವೆಯುತ್ತದೆ.

ಹಾಗಾದರೆ ಗೇರ್ ಬಾಕ್ಸ್ ಇಳಿಸಬೇಕಾದ್ದು ಯಾವಾಗ? ಓಡುತ್ತಿರುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿ, ರಾಡು ಮೌಂಟಿಂಗ್‌ಗಳೆಲ್ಲ ಸರಿಯಿದ್ದರೆ. ಕ್ಲಚ್ ಸರಿಯಾಗಿ ಬಿಡುತ್ತಿದ್ದರೂ ಒಂದೇ ಗೇರಿಗೆ ಹಾಕುವಾಗ ಪ್ರತಿ ಸಲ ಕರಕರ ಎಂದರೆ. ವೇಗ ಏರಿದಂತೆ ಗುಂಯ್ ಎಂಬ ಸದ್ದೂ ಏರುತ್ತಿದ್ದರೆ. ಗೇರ್ ಆಯಿಲ್ ಇಳಿಸಿದಾಗ ಲೋಹದ ಚೂರುಗಳು ಕಂಡರೆ. ಡ್ರೈನ್ ಪ್ಲಗ್ಗಿಗೆ ಅಂಟಿದ ನುಣ್ಣನೆಯ ಬೂದು ಪುಡಿ ಹಳೆಯ ಗೇರ್ ಬಾಕ್ಸಿನಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ.

ದುರಸ್ತಿಯ ವಿಷಯಕ್ಕೆ ಬಂದರೆ, ಬುಷ್‌ಗಳು ಅಗ್ಗದ ವಸ್ತುಗಳು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ 800ರ ಭಾಗಗಳನ್ನು ಹುಡುಕುವುದು ಇಂದಿಗೂ ಕಷ್ಟವಲ್ಲ. ಎಲ್ಲ ಬುಷ್‌ಗಳನ್ನೂ ಬೂಟನ್ನೂ ಒಟ್ಟಿಗೇ ಬದಲಿಸಿ, ಏಕೆಂದರೆ ಒಂದನ್ನು ಬಿಗಿ ಮಾಡಿದರೆ ಉಳಿದ ಸವೆತದ ಸದ್ದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಸದ್ದು ಅಡಗಿಸುವ ರೂಢಿ ಇದೆ. ಅದು ಗೇರ್ ಸಲೀಸಾಗಿ ಬೀಳದಂತೆ ಮಾಡುತ್ತದೆ, ಸವೆತವನ್ನು ಮುಚ್ಚಿಡುತ್ತದೆ, ಆದ್ದರಿಂದ ಒಪ್ಪಬೇಡಿ. ರಬ್ಬರಿಗೆ ತಾಗುವ ಕಡೆ ಸಿಲಿಕೋನ್ ಗ್ರೀಸ್ ಬಳಸಿ, ಖನಿಜ ತೈಲದ ಗ್ರೀಸ್‌ನಿಂದ ಕೆಲವು ಬಗೆಯ ರಬ್ಬರ್ ಉಬ್ಬಿಕೊಳ್ಳುತ್ತದೆ.

ಬೊಲೆರೊ, ಜೀಪುಗಳಂಥ ಗಾಡಿಗಳಲ್ಲಿ ಲಿವರ್ ಗೇರ್ ಬಾಕ್ಸಿನ ಮೇಲೆಯೇ ನಿಂತಿರುವುದರಿಂದ ಬುಡದ ಪ್ಲಾಸ್ಟಿಕ್ ಬಟ್ಟಲು ಮತ್ತು ಸ್ಪ್ರಿಂಗನ್ನು ಮೊದಲು ನೋಡಬೇಕು. ಕೇಬಲ್ ಇರುವ ಕಾರುಗಳಲ್ಲಿ ಕೇಬಲ್ ತುದಿಯ ಕೀಲುಗಳನ್ನು ನೋಡಬೇಕು.

ಕೊನೆಯದಾಗಿ, ಸದ್ದು ನಿಲ್ಲಿಸಲೆಂದು ಲಿವರ್ ಮೇಲೆ ಕೈ ಇಟ್ಟುಕೊಂಡೇ ಓಡಿಸುವುದನ್ನು ಇಂದೇ ಬಿಡಿ. ಕೈಯ ಒತ್ತಡ ರಾಡಿನ ಮೂಲಕ ಗೇರ್ ಬಾಕ್ಸಿನೊಳಗೆ ಗೇರ್ ಬದಲಿಸುವ ಕವಲಾದ ಶಿಫ್ಟ್ ಫೋರ್ಕ್‌ವರೆಗೂ ತಲುಪಿ, ಅದು ತಿರುಗುತ್ತಿರುವ ಉಂಗುರದಂಥ ಸ್ಲೀವ್‌ಗೆ ಉಜ್ಜುತ್ತಲೇ ಇರುತ್ತದೆ. ಆ ಫೋರ್ಕ್ ಸವೆದರೆ ಗೇರ್ ಬಾಕ್ಸನ್ನು ನಿಜವಾಗಿಯೂ ಇಳಿಸಬೇಕಾಗುತ್ತದೆ.