‘ನನಗ ಹಸಿವಾಗೇತಿ’ಯಿಂದ ಫ್ರೆಂಚಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಫ್ರೆಂಚ್ ಟ್ಯೂಷನ್‌ಗೆ ಬರುವವರ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡದಿಂದಲ್ಲ, ಇಂಗ್ಲಿಷಿನಿಂದ ಬರುತ್ತವೆ. ‘ಐ ಆ್ಯಮ್ ಹಂಗ್ರಿ’ ತಲೆಯಲ್ಲಿದ್ದವರು ‘ಝ ಸ್ವಿ ಫ್ಯಾಂ’ ಅನ್ನುತ್ತಾರೆ. ಸರಿಯಾದದ್ದು ‘ಝೆ ಫ್ಯಾಂ’. ಅದೇ ‘ನನಗ ಹಸಿವಾಗೇತಿ’ಯಿಂದ ಹೊರಡಿ: ನನಗ ಹಸಿವು, ನನಗ ನೀರಡಿಕೆ, ನನಗ ಅಂಜಿಕೆ, ನನಗ ಇಪ್ಪತ್ತು ವರ್ಷ, ನನಗ ಇಬ್ಬರು ಮಕ್ಕಳು. ಈ ಐದೂ ಕಡೆ ಫ್ರೆಂಚಿನಲ್ಲಿ ‘ಝೆ’ಯೇ. ಎಲ್ಲ ‘ನನಗ’ಕ್ಕೂ ಇದು ನಡೆಯುವುದಿಲ್ಲ, ‘ನನಗ ಗೊತ್ತು’ ಅನ್ನಲು ‘ಝ ಸೆ’ ಎಂಬ ಬೇರೆ ಕ್ರಿಯಾಪದವಿದೆ.

‘ತ್ಯು’ (ನೀ), ‘ವೂ’ (ನೀವು)ಗಳಿಗಂತೂ ಇಂಗ್ಲಿಷಿನ ವಿವರಣೆ ದಂಡ. ಅವ್ವನಿಗೆ ‘ನೀ’ ಅನ್ನುವ ಹಾಗೆ ಅಲ್ಲಿ ತಾಯಿಗೆ ‘ತ್ಯು’. ಗುರುತಿಲ್ಲದ ಅಂಗಡಿಯವರಿಗೆ ‘ವೂ’.

ಕನ್ನಡ ಕೈಕೊಡುವುದು ಲಿಂಗದಲ್ಲಿ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ನಮ್ಮ ಚಂದ್ರ ಅಲ್ಲಿ ಹೆಣ್ಣು! ಕಾರಣ ಹುಡುಕಬೇಡಿ. ‘ತಾಬ್ಲ್’ ಎಂದಷ್ಟೇ ಬರೆದುಕೊಳ್ಳದೆ ‘ಯೂನ್ ತಾಬ್ಲ್’ ಎಂದೇ ಬಾಯಿಪಾಠ ಮಾಡಿ.

ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡರೆ (ಇಲ್ಲಿ ಬರೆದಿರುವುದೂ ಅಂದಾಜೇ) ಎರಡನೇ ತಿಂಗಳಲ್ಲಿ ಪೆಟ್ಟು ಬೀಳುತ್ತದೆ. ‘ಮೇಲೆ’ ಎಂಬುದಕ್ಕೂ ‘ಕೆಳಗೆ’ ಎಂಬುದಕ್ಕೂ ಇರುವ ಫ್ರೆಂಚ್ ಪದಗಳಲ್ಲಿ ಕೊನೆಯ ಸ್ವರವೊಂದೇ ಬೇರೆ: ‘ದಸ್ಯು’, ‘ದಸೂ’. ಮೊದಲನೆಯದಕ್ಕೆ ನಾಲಿಗೆಯನ್ನು ‘ಈ’ಯಲ್ಲೇ ನಿಲ್ಲಿಸಿ, ತುಟಿಗಳನ್ನು ಮಾತ್ರ ‘ಊ’ಗೆ ದುಂಡಗೆ ಮಾಡಬೇಕು. ನಡುವೆ ‘ಯ’ಕಾರ ಕೇಳಿಸಿದರೆ ತಪ್ಪು. ಟ್ಯೂಟರ್ ಧ್ವನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಪಕ್ಕದಲ್ಲೇ ನಿಮ್ಮದನ್ನೂ ರೆಕಾರ್ಡ್ ಮಾಡಿ ಕೇಳಿ.

ವಾರಕ್ಕೆ ಮೂರು ಗಂಟೆಯಂತೆ 30 ವಾರ ಕೂತರೆ 90 ಗಂಟೆ. ಮೊದಲ ಹಂತವಾದ ಎ1ಕ್ಕೆ ಸಾಮಾನ್ಯವಾಗಿ ಅಷ್ಟು ಸಾಕು. ಆದರೆ ಆ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನೀವೇ ಮಾತಾಡಬೇಕು. ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸಿನ ಹಾಗೆ ನೋಟ್ಸ್ ಬರೆಸುವ ಟ್ಯೂಟರ್ ಇದಕ್ಕೆ ಆಗಿಬರುವುದಿಲ್ಲ. ಫ್ರೆಂಚ್ ಕಲಿತದ್ದಕ್ಕೆ ಪ್ರಮಾಣಪತ್ರ ಕೊಡುವ ಡೆಲ್ಫ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಒಂದೊಂದಕ್ಕೂ 25 ಅಂಕ. ಪಾಸಾಗಲು ಒಟ್ಟು 50 ಬೇಕು, ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಹೀಗಾಗಿ ಬರೀ ವ್ಯಾಕರಣ ಗಟ್ಟಿ ಮಾಡಿದವರೂ ಡುಮ್ಕಿ ಹೊಡೆಯಬಹುದು.

ಕೇಳುವ ವಿಭಾಗದಲ್ಲಿ ಸಂಖ್ಯೆಗಳು ಕಾಡುತ್ತವೆ. ಫ್ರಾನ್ಸಿನವರು ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಹೇಳುತ್ತಾರೆ. 98 ಅಂದರೆ ‘ಕಾತ್ರ್-ವ್ಯಾಂ-ದೀಜ್-ವಿತ್’: ನಾಲ್ಕು ಇಪ್ಪತ್ತು, ಹತ್ತು, ಎಂಟು. ‘ಕಾತ್ರ್’ ಕಿವಿಗೆ ಬಿದ್ದಕೂಡಲೇ 4 ಬರೆದವರು ಅದನ್ನು ಹೊಡೆದುಹಾಕುವಷ್ಟರಲ್ಲಿ ಮುಂದಿನ ಜೋಡಿ ದಾಟಿಹೋಗಿರುತ್ತದೆ. ಪ್ರತಿ ಕ್ಲಾಸಿನಲ್ಲೂ ಟ್ಯೂಟರ್ ಬಾಯಿಂದ ಐದು ಫೋನ್ ನಂಬರ್ ಹೇಳಿಸಿ. ಜೋಡಿ ಪೂರ್ತಿ ಮುಗಿಯುವವರೆಗೂ ಪೆನ್ನು ಹಾಳೆಗೆ ತಾಗಿಸಬೇಡಿ.