ಆಲೆಮನೆ ಪಾರಂಪರಿಕ, ಬೆಲ್ಲ ಸಾಂಪ್ರದಾಯಿಕವೇ?

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ. ತಾತನ ಕಾಲದಿಂದ ಆಲೆಮನೆ ಇದೆ. ಈಗ ಬೆಲ್ಲವನ್ನು ಪ್ಯಾಕೆಟ್ ಮಾಡಿ ಮೈಸೂರಿನ ಅಂಗಡಿಗಳಿಗೆ ಕೊಡೋಣ ಅಂತಿದ್ದೇವೆ. ಮೇಲೆ 'ಸಾಂಪ್ರದಾಯಿಕ ಬೆಲ್ಲ' ಎಂದು ಹಾಕಿಸಬೇಕೋ, 'ಪಾರಂಪರಿಕ ಬೆಲ್ಲ' ಎಂದೋ? ಎರಡೂ ಒಂದೇ ಅಲ್ಲವೇ?

ಉತ್ತರ: ಒಂದೇ ಅಲ್ಲ, ಆದರೆ ಒಂದೇ ಎಂದುಕೊಂಡು ಬರೆಯುವವರೇ ಹೆಚ್ಚು. ವ್ಯತ್ಯಾಸ ತಿಳಿಯಲು ನಿಮ್ಮ ಜಿಲ್ಲೆಯ ಮೇಲುಕೋಟೆಗೇ ಹೋಗಿ ಬರೋಣ. ಅಲ್ಲಿ ಯಾರನ್ನಾದರೂ ಕೇಳಿ, 'ನಮ್ಮದು ಶ್ರೀವೈಷ್ಣವ ಸಂಪ್ರದಾಯ' ಅನ್ನುತ್ತಾರೆ. ರಾಮಾನುಜರ ಹಿಂದೆ ಮುಂದೆ ಬಂದ ಆಚಾರ್ಯರ ಹೆಸರು ಹೇಳುವಾಗ ಮಾತ್ರ 'ಗುರುಪರಂಪರೆ' ಅನ್ನುತ್ತಾರೆ. ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಪರಂಪರೆ ಅಂದರೆ ಒಬ್ಬರಾದ ಮೇಲೆ ಒಬ್ಬರು, ಸಾಲು. ಸಂಪ್ರದಾಯದೊಳಗೆ 'ದಾ' ಎಂಬ ಧಾತು ಇದೆ, ಕೊಡು ಎಂದರ್ಥ, ದಾನದಲ್ಲಿರುವುದೂ ಅದೇ. ಆ ಸಾಲಿನಲ್ಲಿ ಕೈಯಿಂದ ಕೈಗೆ ದಾಟಿಸಿದ್ದು ಸಂಪ್ರದಾಯ.

ದಸರೆಯ ಹೊತ್ತಿಗೆ ಮೈಸೂರಿನಲ್ಲಿ ದಂಪತಿಗಳನ್ನು ಟಾಂಗಾದಲ್ಲಿ ಕೂರಿಸಿ ಹಳೆಯ ಕಟ್ಟಡಗಳನ್ನು ತೋರಿಸುತ್ತಾರಲ್ಲ, ಅದರ ಹೆಸರು 'ಪಾರಂಪರಿಕ ಟಾಂಗಾ ಸವಾರಿ'. ಗಂಡ ಪಂಚೆ ಉಟ್ಟು ಮೈಸೂರು ಪೇಟ ಇಟ್ಟಿರುತ್ತಾನೆ, ಹೆಂಡತಿ ರೇಷ್ಮೆ ಸೀರೆ. ಇದು 'ಸಾಂಪ್ರದಾಯಿಕ ಉಡುಗೆ'. ಸೀರೆ ಹೋದ ವಾರ ಕೊಂಡದ್ದಾಗಿರಬಹುದು, ಪರವಾಗಿಲ್ಲ. ಉಡುವ ಬಗೆ ಹಿಂದಿನದು. ದಾರಿಯಲ್ಲಿ ಸಿಗುವ ದೊಡ್ಡ ಗಡಿಯಾರ 'ಪಾರಂಪರಿಕ', ಏಕೆಂದರೆ ಆ ಗೋಪುರವೇ ಹಿಂದಿನಿಂದ ನಮ್ಮ ಪಾಲಿಗೆ ಬಂದದ್ದು. ಅದರಂಥದೇ ಇನ್ನೊಂದನ್ನು ನಾಳೆ ಕಟ್ಟಿಸಿದರೆ ಅದಕ್ಕೆ ಆ ಹೆಸರು ಸಲ್ಲದು.

ಹಾಗಾದರೆ 'ಪುರಾತನ'? ಇದನ್ನು ಕಂಡಕಂಡಲ್ಲಿ ಅಂಟಿಸುವುದು ನನಗೆ ಸರಿಬರುವುದಿಲ್ಲ. ಅಂಬಾವಿಲಾಸ ಅರಮನೆಯನ್ನು ಪುರಾತನ ಅನ್ನುತ್ತಾರೆ. ಅಲ್ಲಿದ್ದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಈಗಿನದು ಮುಗಿದದ್ದು 1912ರಲ್ಲಿ. ನಮ್ಮ ಮುತ್ತಾತಂದಿರು ಕಟ್ಟುವುದನ್ನು ಕಂಡ ಕಟ್ಟಡ ಪುರಾತನವಾದರೆ, 13ನೇ ಶತಮಾನದ ಸೋಮನಾಥಪುರದ ಗುಡಿಗೆ ಏನನ್ನೋಣ? ಇನ್ನು 'ಹಳೇ' ಎಂಬ ಪದ ವಯಸ್ಸನ್ನೇ ಹೇಳಬೇಕೆಂದಿಲ್ಲ. ಹಳೇ ಮೈಸೂರು ಅಂದರೆ ಮುದಿ ಊರಲ್ಲ, 1956ರ ಏಕೀಕರಣಕ್ಕೆ ಮುಂಚಿನ ಸಂಸ್ಥಾನದ ಸೀಮೆ.

ಇವೆಲ್ಲ ಬೋರ್ಡಿನ ಮಾತಾಯಿತು. ಮನೆಯಲ್ಲಿ ಯಾರೂ 'ಸಾಂಪ್ರದಾಯಿಕವಾಗಿ ಗೊಂಬೆ ಕೂರಿಸುತ್ತೇವೆ' ಅನ್ನುವುದಿಲ್ಲ. 'ನಮ್ಮಲ್ಲಿ ಆ ಪದ್ಧತಿ ಇದೆ', 'ಅತ್ತೆ ಕಾಲದಿಂದ ನಡ್ಕೊಂಡು ಬಂದಿದೆ', ಮಂಡ್ಯದ ಕಡೆಯಾದರೆ 'ಹಿರೀಕರು ಮಾಡ್ಕೊಂಡು ಬಂದದ್ದು ಕಣಪ್ಪ' ಅನ್ನುತ್ತಾರೆ. 'ಪದ್ಧತಿ'ಗೆ ಸಂಸ್ಕೃತದಲ್ಲಿ ಮೊದಲ ಅರ್ಥ ಕಾಲಿನ ತುಳಿತಕ್ಕೆ ಬಿದ್ದ ದಾರಿ. ಗದ್ದೆ ಬದುವಿನ ಮೇಲೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಬ್ಬಿಯಿಂದ ಬಂದ 'ಮಾಮೂಲು' ಕೂಡ ರೂಢಿಯಲ್ಲಿರುವುದು ಎಂಬ ಮರ್ಯಾದಸ್ಥ ಪದವೇ. ಮೇಜಿನ ಕೆಳಗೆ ಕೈಚಾಚುವುದೂ ರೂಢಿಯಾಗಿ, ಪದದ ಮಾನ ಹೋಯಿತು.

'ನಾಟಿ' ಇನ್ನೂ ಸ್ವಾರಸ್ಯದ್ದು. ನಿಮ್ಮಲ್ಲಿ ನಾಲೆ ನೀರು ಬಿಟ್ಟಾಗ ಮಾಡುವುದೂ ನಾಟಿ, ಭಾನುವಾರ ಮುದ್ದೆಯ ಜೊತೆಗೆ ಸಾರಾಗುವುದೂ ನಾಟಿ. ಫಾರಂ ಕೋಳಿ ಬರುವ ಮುಂಚೆ ಕೋಳಿ ಅಂದರೆ ಕೋಳಿ, ಅಷ್ಟೇ. ಹೊಸದು ಬಂದು ಪಕ್ಕದಲ್ಲಿ ಕೂತಾಗಲೇ ಹಳೆಯದಕ್ಕೊಂದು ವಿಶೇಷಣ ಬೇಕಾದದ್ದು. ಹುಬ್ಬಳ್ಳಿ ಕಡೆಯವರು ಇದನ್ನೇ ಜವಾರಿ ಅನ್ನುತ್ತಾರೆ.

ಈಗ ನಿಮ್ಮ ಪ್ಯಾಕೆಟ್ಟಿಗೆ ಬರೋಣ. ತಾತ ನಡೆಸಿದ್ದನ್ನು ಅಪ್ಪ ನಡೆಸಿ ನಿಮಗೆ ಬಿಟ್ಟರು ಎಂದರೆ ಆಲೆಮನೆ ಪಾರಂಪರಿಕ. ಅದನ್ನು ಯಾರೂ ಅಲ್ಲಗಳೆಯಲಾರರು. ಎತ್ತಿನ ಗಾಣ ಹೋಗಿ ಕರೆಂಟಿನದು ಬಂದಿದ್ದರೂ ಸರಿಯೇ. ಆದರೆ ಬೆಲ್ಲ ಸಾಂಪ್ರದಾಯಿಕವೇ ಎಂಬುದು ಕೊಪ್ಪರಿಗೆಗೆ ಏನು ಬೀಳುತ್ತದೆ ಎನ್ನುವುದರ ಮೇಲೆ ನಿಂತಿದೆ. ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು, ಬಣ್ಣ ಕಂದಾದರೆ ಕಂದಾಗಲಿ ಎಂದು ಬಿಡುತ್ತೀರಾ? ಧಾರಾಳವಾಗಿ ಹಾಕಿಸಿ. ಹೊಂಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುತ್ತಿದ್ದರೆ ಆ ಪದ ಬೇಡ. ಆಗ 'ತಾತನ ಕಾಲದ ಆಲೆಮನೆಯಿಂದ' ಎಂದಷ್ಟೇ ಹಾಕಿಸಿ. ನನ್ನನ್ನು ಕೇಳಿದರೆ ಓದುವುದಕ್ಕೂ ಇದೇ ಚೆನ್ನ.

ಯಾವುದನ್ನೇ ಆರಿಸಿದರೂ ಮುದ್ರಣಕ್ಕೆ ಕೊಡುವ ಮುಂಚೆ ಮೊದಲ ಅಕ್ಷರ ನೋಡಿಕೊಳ್ಳಿ. ಸಮಾಜ 'ಸಾಮಾಜಿಕ' ಆದಂತೆ ಸಂಪ್ರದಾಯ 'ಸಾಂಪ್ರದಾಯಿಕ' ಆಗುತ್ತದೆ, ಪರಂಪರೆ 'ಪಾರಂಪರಿಕ'. 'ಸಂಪ್ರದಾಯಿಕ ಶೈಲಿಯ ಊಟ' ಎಂದು ಬರೆಸಿದ ಹೋಟೆಲುಗಳು ಬೆಂಗಳೂರು ಹೆದ್ದಾರಿಯುದ್ದಕ್ಕೂ ಇವೆ.