ಪದ ಪರಿಚಯ: ‘ಪರ್ಮನೆಂಟ್ ವಾಲ್ವ್’

‘ಪರ್ಮನೆಂಟ್ ವಾಲ್ವೇ ಹಾಕಿಸಿದ್ದೇವೆ, ಇನ್ನು ತಲೆಬಿಸಿ ಇಲ್ಲ.’ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದವರ ಮನೆಯಲ್ಲಿ ಈ ಮಾತು ಕೇಳದೇ ಇರುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು: ‘ಟಿಶ್ಯೂ ಆದ್ರೆ ಟೆಂಪರರಿ ಅಂತೆ.’ ಮಾತಿನಲ್ಲಿದ್ದದ್ದು ಈಗ ಬರಹಕ್ಕೂ ಇಳಿದು ‘ಶಾಶ್ವತ ಕವಾಟ’, ‘ತಾತ್ಕಾಲಿಕ ಕವಾಟ’ ಎಂದಾಗಿದೆ. ವೈದ್ಯಶಾಸ್ತ್ರದಲ್ಲಿ ಈ ಹೆಸರಿನ ಕವಾಟಗಳಿಲ್ಲ. ಹೃದಯದಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲೇ ಕವಾಟ, ಅಂದರೆ ವಾಲ್ವ್. ಅದು ಕೆಟ್ಟಾಗ ಹಾಕಲು ಇರುವುದು ಮೆಕ್ಯಾನಿಕಲ್ ವಾಲ್ವ್ ಮತ್ತು ಟಿಶ್ಯೂ ವಾಲ್ವ್. ಒಂದು ಕಾರ್ಖಾನೆಯಲ್ಲಿ ತಯಾರಾದ ಕೃತಕ ವಸ್ತುವಿನದು, ಇನ್ನೊಂದು ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಹೆಸರಿನ ತಪ್ಪು ಅಂತ ಸುಮ್ಮನೆ ಬಿಡುವ ಹಾಗಿಲ್ಲ. ‘ಪರ್ಮನೆಂಟ್’ ಅನ್ನುವ ಒಂದು ಮಾತು ನಂಬಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬಿಟ್ಟವರಿಗೆ ಲಕ್ವ ಹೊಡೆಯಬಹುದು.

ಮೊದಲು ಸಣ್ಣ ಗೊಂದಲ ಮುಗಿಸೋಣ. ಮೆಕ್ಯಾನಿಕಲ್ ಅಂದರೆ ‘ಸ್ಟೀಲ್ ವಾಲ್ವ್’ ಅಲ್ಲ. ಇವತ್ತು ಹೆಚ್ಚಾಗಿ ಬಳಸುವ ಎರಡು ರೆಕ್ಕೆಯ ಕವಾಟಗಳಲ್ಲಿ ತೆರೆದು ಮುಚ್ಚುವ ರೆಕ್ಕೆ ಪೈರೋಲಿಟಿಕ್ ಕಾರ್ಬನ್‌ನದು. ಇಂಗಾಲವೇ, ಆದರೆ ಬಹಳ ಗಟ್ಟಿ, ಸವೆತ ತಡೆಯುತ್ತದೆ. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ಬಾರಿ ರೋಗಿಗೆ ಜೋಡಿಸಿದ್ದು, ಒಂದೇ ಬಿಲ್ಲೆ ವಾಲಾಡುವ ಬಗೆಯದು. ಅದರ ಚೌಕಟ್ಟು ಮಿಶ್ರಲೋಹ, ಬಿಲ್ಲೆ ಗಟ್ಟಿ ಪಾಲಿಎಥಿಲೀನ್. ‘ಒಳಗೆ ಲೋಹ ಇದೆ, ಎಂಆರ್‌ಐ ಮಾಡಿಸುವ ಹಾಗಿಲ್ಲ’ ಅಂತ ಬೆನ್ನುನೋವಿನವರನ್ನು ವಾಪಸು ಕಳಿಸುವುದಿದೆ. ಈಗಿನ ಕವಾಟಗಳಲ್ಲಿ ಬಹುತೇಕ ಎಲ್ಲದಕ್ಕೂ ಎಂಆರ್‌ಐ ಆಗುತ್ತದೆ. ಬೇಕಿರುವುದು ಆಪರೇಷನ್ ಆದಾಗ ಕೊಟ್ಟ ವಾಲ್ವ್ ಕಾರ್ಡ್. ಕಂಪನಿ, ಮಾದರಿ, ಅಳತೆ, ಸೀರಿಯಲ್ ನಂಬರ್ ಅದರಲ್ಲಿರುತ್ತದೆ. ಅದನ್ನು ಫೋಟೋ ತೆಗೆದು ಮನೆಯ ಎಲ್ಲರ ಮೊಬೈಲಿನಲ್ಲೂ ಇಟ್ಟುಕೊಳ್ಳಬೇಕು.

ಟಿಶ್ಯೂ ವಾಲ್ವಿಗೆ ‘ದನದ ವಾಲ್ವ್’ ಅನ್ನುವುದೂ ಅರ್ಧ ಸರಿ. ದನದಿಂದ ತೆಗೆಯುವುದು ಕವಾಟವನ್ನಲ್ಲ, ಹೃದಯದ ಸುತ್ತ ಇರುವ ಪೊರೆಯನ್ನು. ಅದನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಹದ ಮಾಡಿ ಕತ್ತರಿಸಿ ಮೂರು ರೆಕ್ಕೆ ಹೊಲಿಯುತ್ತಾರೆ. ಹಂದಿಯದಾದರೆ ಮಹಾಪಧಮನಿಯ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದ) ಕವಾಟವನ್ನೇ ಇಡಿಯಾಗಿ ತೆಗೆದು ಹದ ಮಾಡುತ್ತಾರೆ. ದನದ್ದು ಬೇಡ, ಹಂದಿಯದು ಬೇಡ ಅನ್ನುವ ಮನಸ್ಸಿದ್ದರೆ ಅದನ್ನು ಆಪರೇಷನ್‌ಗೆ ಮೊದಲೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಸರ್ಜನ್ ಬದಲಿ ನೋಡುತ್ತಾರೆ, ತಪ್ಪು ತಿಳಿಯುವುದಿಲ್ಲ.

ಈಗ ‘ಪರ್ಮನೆಂಟ್’ಗೆ ಬರೋಣ. ಮೆಕ್ಯಾನಿಕಲ್ ಕವಾಟದ ರೆಕ್ಕೆ ಮನುಷ್ಯನ ಆಯಸ್ಸಿನಲ್ಲಿ ಸವೆಯುವುದಿಲ್ಲ ಅನ್ನುವುದು ನಿಜ. ಪರ್ಮನೆಂಟ್ ಆಗಿರುವುದು ಅಷ್ಟೇ. ಕಾರ್ಬನ್ನಿನ ಮೈಗೆ ರಕ್ತ ತಗುಲಿದರೆ, ರೆಕ್ಕೆ ಮಡಚುವ ಸಂದಿನಲ್ಲಿ ರಕ್ತ ನಿಧಾನವಾದರೆ, ಅಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಕಿತ್ತು ಮೆದುಳಿಗೆ ಹೋದರೆ ಪಾರ್ಶ್ವವಾಯು. ಹೆಪ್ಪು ಅಲ್ಲೇ ಬೆಳೆದರೆ ರೆಕ್ಕೆ ಸಿಕ್ಕಿಹಾಕಿಕೊಂಡು ಕವಾಟವೇ ನಿಲ್ಲುತ್ತದೆ. ಇದನ್ನು ತಡೆಯಲು ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ, ಜೀವ ಇರುವಷ್ಟು ದಿನ, ದಿನಾ. ಇಷ್ಟೆಲ್ಲ ಮಾಡಿಯೂ ಹೊಲಿಗೆಯ ಅಂಚಿನಿಂದ ಸೋರಿಕೆ, ಸೋಂಕು, ಕವಾಟದ ಕೆಳಗೆ ಗಾಯದ ಅಂಗಾಂಶ ಬೆಳೆದು ಅಡ್ಡ ಬರುವುದು, ಈ ಮೂರರಲ್ಲಿ ಯಾವುದಾದರೂ ಆದರೆ ಮೆಕ್ಯಾನಿಕಲ್ ಕವಾಟಕ್ಕೂ ಎರಡನೇ ಆಪರೇಷನ್ ಬರಬಹುದು. ಟಿಶ್ಯೂ ಕವಾಟದ ರೆಕ್ಕೆ ವರ್ಷ ಕಳೆದಂತೆ ಸುಣ್ಣಗಟ್ಟಿ ಬಿರುಸಾಗುತ್ತದೆ ಅಥವಾ ಹರಿಯುತ್ತದೆ. ಅದನ್ನು ಹೆಚ್ಚಾಗಿ 10ರಿಂದ 15 ವರ್ಷ ಎಂದು ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಆರಿಸಬೇಕಾದದ್ದು ಶಾಶ್ವತವೋ ತಾತ್ಕಾಲಿಕವೋ ಎಂದಲ್ಲ. ದಿನದಿನದ ಮಾತ್ರೆ ಮತ್ತು ತಿಂಗಳ ರಕ್ತಪರೀಕ್ಷೆ ಒಂದು ಕಡೆ, ಮುಂದೊಂದು ದಿನ ಇನ್ನೊಂದು ಆಪರೇಷನ್ ಇನ್ನೊಂದು ಕಡೆ. ಈ ಮನೆಯವರಿಗೆ ಯಾವುದನ್ನು ನಿಭಾಯಿಸಲು ಆಗುತ್ತದೆ ಅನ್ನುವುದೇ ಪ್ರಶ್ನೆ.

ಈ ಮಾತ್ರೆಯ ಹೆಸರಿನಲ್ಲೂ ಅಷ್ಟೇ ಹಳೆಯ ಗೊಂದಲವಿದೆ. ‘ರಕ್ತ ತೆಳು ಮಾಡುವ ಮಾತ್ರೆ’ ಅನ್ನುತ್ತಾರೆ. ರಕ್ತ ತೆಳುವಾಗುವುದಿಲ್ಲ, ನೀರಾಗುವುದಿಲ್ಲ. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ಬಯಲುಗಳಲ್ಲಿ ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ದನಗಳು ಸಾಯತೊಡಗಿದವು. ಕಾರಣ, ಮಳೆಗೆ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು. ಆ ಹುಲ್ಲಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಲಿಂಕ್ ಮತ್ತು ಸಂಗಡಿಗರು ಬೇರ್ಪಡಿಸಿದರು. ಅದರ ಮುಂದಿನ ರೂಪಕ್ಕೆ ಹಣ ಕೊಟ್ಟ ‘ವಿಸ್ಕಾನ್ಸಿನ್ ಅಲ್ಯುಮ್ನಿ ರಿಸರ್ಚ್ ಫೌಂಡೇಶನ್’ನ ಮೊದಲಕ್ಷರಗಳಿಗೆ, ಈ ವಸ್ತುವಿನ ರಾಸಾಯನಿಕ ಗುಂಪಾದ ಕೂಮರಿನ್‌ನ ಬಾಲ ಸೇರಿಸಿ ವಾರ್ಫರಿನ್ ಎಂದು ಹೆಸರಾಯಿತು. 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ‘ಇಲಿಪಾಷಾಣ ಕೊಡ್ತಾರಂತೆ’ ಎಂಬ ಹೆದರಿಕೆಗೆ ಮೂಲ ಇದು. ಪ್ರಮಾಣ ತಪ್ಪದಿದ್ದರೆ ಹೆದರಬೇಕಾಗಿಲ್ಲ.

ಅದು ಕೆಲಸ ಮಾಡುವುದು ಹೀಗೆ. ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಯಕೃತ್ತು ವಿಟಮಿನ್ ಕೆ ಬಳಸಿ ಸಜ್ಜು ಮಾಡುತ್ತದೆ. ಒಮ್ಮೆ ಬಳಸಿದ ವಿಟಮಿನ್ ಕೆ ಮತ್ತೆ ಬಳಕೆಗೆ ಬರದಂತೆ ಈ ಮಾತ್ರೆ ತಡೆಯುತ್ತದೆ. ಮೊದಲೇ ತಯಾರಾಗಿ ರಕ್ತದಲ್ಲಿ ಓಡಾಡುತ್ತಿರುವ ಪ್ರೋಟೀನುಗಳು ಮುಗಿಯುವ ತನಕ ಪರಿಣಾಮ ಕಾಣಿಸದು. ಆದ್ದರಿಂದಲೇ ಇವತ್ತು ಪ್ರಮಾಣ ಬದಲಿಸಿದರೆ ನಾಳೆಯ ಐಎನ್‌ಆರ್ ರಕ್ತಪರೀಕ್ಷೆ ಏನೂ ಹೇಳುವುದಿಲ್ಲ, ಕಡಿಮೆಯೆಂದರೂ ಎರಡು ಮೂರು ದಿನ ಕಾಯಬೇಕು. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಬೇಕು. ಮರುದಿನ ಎರಡನ್ನೂ ಸೇರಿಸಿ ನುಂಗಬಾರದು. ಅಸಿಟ್ರೋಮ್ ಸಿಗಲಿಲ್ಲವೆಂದು ಅಂಗಡಿಯವರು ಅಷ್ಟೇ ಮಿಲಿಗ್ರಾಮಿನ ವಾರ್ಫರಿನ್ ಕೊಟ್ಟರೆ ತೆಗೆದುಕೊಳ್ಳಲೇಬಾರದು. ಮಿಲಿಗ್ರಾಮಿಗೆ ಮಿಲಿಗ್ರಾಮು ಇಟ್ಟರೆ ಅಸಿಟ್ರೋಮ್ ಸುಮಾರು ದುಪ್ಪಟ್ಟು ಬಲದ್ದು. ‘ಹೊಸ ಮಾತ್ರೆ ಬಂದಿದೆ, ಟೆಸ್ಟೇ ಬೇಡ’ ಎನ್ನುವ ಡಾಬಿಗಟ್ರಾನ್, ಅಪಿಕ್ಸಬಾನ್ ಬಗೆಯವು ಮೆಕ್ಯಾನಿಕಲ್ ಕವಾಟಕ್ಕೆ ಅಲ್ಲ. ಎರಡರ ಪ್ರಯೋಗಗಳನ್ನೂ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಮಾಮೂಲಿಗಿಂತ ಎಷ್ಟು ಪಟ್ಟು ಹೆಚ್ಚು ಹೊತ್ತು ಹಿಡಿಯುತ್ತದೆ ಅನ್ನುವುದರ ಅಂಕಿ. ಬೇರೆ ಬೇರೆ ಲ್ಯಾಬಿನ ರಾಸಾಯನಿಕಗಳ ವ್ಯತ್ಯಾಸ ಕಳೆದು ಒಂದೇ ಅಳತೆಗೆ ತಂದಿರುತ್ತಾರೆ. ಮಾತ್ರೆ ಇಲ್ಲದವರಲ್ಲಿ ಅದು 1ರ ಆಸುಪಾಸು. ಮಹಾಪಧಮನಿಯ ಜಾಗದಲ್ಲಿ ಈಗಿನ ಎರಡು ರೆಕ್ಕೆಯ ಕವಾಟವಿದ್ದು ಬೇರೆ ಅಪಾಯವಿಲ್ಲದಿದ್ದರೆ ಗುರಿ 2.5, ಮೈಟ್ರಲ್ ಜಾಗದಲ್ಲಾದರೆ (ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ) 3. ಆಚೀಚೆ ಅರ್ಧ ಅಂಕ ನಡೆಯುತ್ತದೆ. ವರದಿಯಲ್ಲಿ ‘ನಾರ್ಮಲ್ 0.8–1.2’ ಎಂದು ಅಚ್ಚಾಗಿರುವುದನ್ನು ನೋಡಿ ‘ನಂದು 2.8, ಜಾಸ್ತಿಯಾಗಿದೆ’ ಎಂದು ಮಾತ್ರೆ ಬಿಡುವವರು ಇವತ್ತಿಗೂ ಇದ್ದಾರೆ. ಆ ಸಾಲು ಮಾತ್ರೆ ತಿನ್ನದವರಿಗೆ. ಅಂಕಿ ನೆಲೆಗೆ ನಿಂತ ಮೇಲೂ ನಾಲ್ಕು ವಾರಕ್ಕೊಮ್ಮೆಯಾದರೂ ಪರೀಕ್ಷೆ ಬೇಕು. ಅಷ್ಟು ಸಲ, ಜುಲೈ ಮಳೆಯಲ್ಲೂ, ಆಗುಂಬೆ, ಬಿದನೂರು ನಗರದ ಕಡೆಯ ಒಂಟಿಮನೆಯಿಂದ ಲ್ಯಾಬ್ ಇರುವ ಊರಿಗೆ ಬಂದು ಹೋಗಲು ಆಗುತ್ತದೆಯೇ? ಸರ್ಜನ್ ಮುಂದೆ ಕೂತಾಗ ಇದನ್ನು ಹೇಳಬೇಕು. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಕೂತ ವೈದ್ಯರಿಗೆ ನಿಮ್ಮ ಮನೆಯ ದಾರಿ ಗೊತ್ತಿರುವುದಿಲ್ಲ.

‘ಸೊಪ್ಪು ಮುಟ್ಟಬಾರದು’ ಎಂಬುದೂ ಇದೇ ಗುಂಪಿನ ತಪ್ಪು. ಬಸಳೆ, ಹರಿವೆ, ನುಗ್ಗೆಸೊಪ್ಪು, ಚಕ್ರಮುನಿ, ಒಂದೆಲಗದ ತಂಬುಳಿ, ಪತ್ರೊಡೆ: ಹಸಿರೆಲೆಯಲ್ಲೆಲ್ಲ ವಿಟಮಿನ್ ಕೆ ಇದೆ, ನಿಜ. ಆದರೆ ಬಿಡಬೇಕಾಗಿಲ್ಲ, ಏರುಪೇರು ಮಾಡಬಾರದು. ವಾರಕ್ಕೆ ಮೂರು ದಿನ ತಂಬುಳಿ ಉಣ್ಣುವವರು ಅಷ್ಟೇ ಉಣ್ಣುತ್ತಿದ್ದರೆ ಮಾತ್ರೆಯ ಪ್ರಮಾಣ ಅದಕ್ಕೆ ಹೊಂದಿಕೊಳ್ಳುತ್ತದೆ. ತಿಂಗಳಿಡೀ ಸೊಪ್ಪು ಬಿಟ್ಟು ಕೆಸುವಿನ ಕಾಲ ಬಂತೆಂದು ವಾರಪೂರ್ತಿ ಪತ್ರೊಡೆ ತಿಂದರೆ ಐಎನ್‌ಆರ್ ಜಾರುತ್ತದೆ. ಸೊಪ್ಪಿಗಿಂತ ಹೆಚ್ಚು ಕೆಡಿಸುವುದು ಬೇರೆ ಔಷಧಗಳು. ಹುಳುಕಡ್ಡಿಗೆ ಕೊಡುವ ಫ್ಲೂಕೊನಜೋಲ್, ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಅಂಕಿಯನ್ನು ಮೇಲಕ್ಕೆ ಒಯ್ಯುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೆಳಕ್ಕೆ ಎಳೆಯುತ್ತದೆ. ಮೈಕೈ ನೋವಿಗೆ ಡೈಕ್ಲೊಫೆನಾಕ್ ಬೇಡ, ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಸ್ನಾಯುವಿನೊಳಗೆ ರಕ್ತ ಕಟ್ಟಿಕೊಳ್ಳುತ್ತದೆ. ಏನಿದೆಯೆಂದು ಗೊತ್ತಿಲ್ಲದ ನಾಟಿ ಕಷಾಯವೂ ಬೇಡ.

ತೋಟದ ಕೆಲಸ ಪೂರಾ ನಿಲ್ಲಿಸಬೇಕಾಗಿಲ್ಲ. ಆದರೆ ಅಡಿಕೆ ಮರ ಹತ್ತುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಕೊನೆಗಾರರಿಗೆ ಮೆಕ್ಯಾನಿಕಲ್ ಹಾಕುವ ಮೊದಲು ಸರ್ಜನ್‌ಗೆ ಆ ಕಸುಬಿನ ವಿಷಯ ಗೊತ್ತಿರಲೇಬೇಕು. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆ ದಿನವೇ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಉಂಬಳ ಕಚ್ಚಿದ ಜಾಗ ಬೇರೆಯವರಿಗಿಂತ ಬಹಳ ಹೊತ್ತು ಒಸರುತ್ತದೆ. ಉಂಬಳದ ಎಂಜಲಿನಲ್ಲೇ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ, ಅದರ ಮೇಲೆ ಮಾತ್ರೆ. ಶುಭ್ರ ಬಟ್ಟೆ ಮಡಚಿ ಒತ್ತಿ ಹಿಡಿಯಬೇಕು, ಹದಿನೈದು ನಿಮಿಷ ನಡುವೆ ತೆಗೆದು ನೋಡಬಾರದು.

ಯಾವ ವಯಸ್ಸಿಗೆ ಯಾವ ಕವಾಟ ಎಂಬ ಲೆಕ್ಕವೂ ಇದೆ. ಅಮೆರಿಕದ 2020ರ ಮಾರ್ಗಸೂಚಿಯಂತೆ ಮಹಾಪಧಮನಿಯ ಕವಾಟಕ್ಕೆ 50ರ ಒಳಗಿನವರಿಗೆ ಮೆಕ್ಯಾನಿಕಲ್, 65 ದಾಟಿದವರಿಗೆ ಟಿಶ್ಯೂ, ನಡುವಿನವರಿಗೆ ಕೂತು ಮಾತಾಡಿ ತೀರ್ಮಾನ. ಮೈಟ್ರಲ್‌ಗೆ ಗಡಿ 65. ಎಳೆಯರಲ್ಲಿ ಟಿಶ್ಯೂ ಬೇಗ ಸುಣ್ಣಗಟ್ಟುತ್ತದೆ, ಮೈಟ್ರಲ್ ಜಾಗದಲ್ಲಿ ಮಹಾಪಧಮನಿಯ ಜಾಗಕ್ಕಿಂತ ಬೇಗ, ಡಯಾಲಿಸಿಸ್ ಆಗುತ್ತಿರುವವರಲ್ಲಿ ಇನ್ನೂ ಬೇಗ. ಎರಡನೇ ಸಲಕ್ಕೆ ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಹಳೆಯದರೊಳಗೇ ಹೊಸದನ್ನು ಕೂರಿಸುವ ದಾರಿ ಈಗ ಇದೆ. ಆದರೆ ಮೊದಲ ಕವಾಟ 19 ಅಥವಾ 21 ಮಿಲಿಮೀಟರಿನ ಸಣ್ಣದಾಗಿದ್ದರೆ ಅದರೊಳಗೆ ಇನ್ನೊಂದು ಕೂತ ಮೇಲೆ ರಕ್ತಕ್ಕೆ ದಾರಿ ಸಾಲದೇ ಹೋಗಬಹುದು. ‘ಮುಂದೆ ತೊಡೆಯಿಂದ ಹಾಕಿದರಾಯಿತು’ ಎಂದು ಯಾರಾದರೂ ಹೇಳಿದರೆ ಯಾವ ಅಳತೆ ಕೂರಿಸುತ್ತೀರಿ ಎಂದು ಆಗಲೇ ಕೇಳಬೇಕು. ಅದಕ್ಕೂ ಮೊದಲು ಕೇಳಬೇಕಾದದ್ದು, ಬದಲಾಯಿಸಲೇಬೇಕೇ, ಬಲೂನಿನಲ್ಲಿ ಹಿಗ್ಗಿಸಲು ಅಥವಾ ರಿಪೇರಿಗೆ ಆಗುವುದಿಲ್ಲವೇ ಎಂದು.

ಟಿಶ್ಯೂ ಹಾಕಿಸಿದರೆ ಮಾತ್ರೆಯೇ ಇಲ್ಲ ಎಂಬ ನಂಬಿಕೆಯೂ ಪೂರಾ ನಿಜವಲ್ಲ. ಮೊದಲ ಮೂರರಿಂದ ಆರು ತಿಂಗಳು ಬಹಳ ಮಂದಿಗೆ ಅದೇ ಮಾತ್ರೆ ಕೊಡುತ್ತಾರೆ. ಎದೆಬಡಿತದ ಲಯ ತಪ್ಪಿದವರಿಗೆ, ಹಳೆಯ ಮೈಟ್ರಲ್ ಕಾಯಿಲೆಯವರಲ್ಲಿ ಇದು ಸಾಮಾನ್ಯ, ಕವಾಟ ಟಿಶ್ಯೂ ಆದರೂ ಹೆಪ್ಪು ತಡೆಯುವ ಮಾತ್ರೆ ಮುಂದುವರಿಯುತ್ತದೆ. ಅಂಥವರಿಗೆ ಟಿಶ್ಯೂವಿನ ಮುಖ್ಯ ಲಾಭವೇ ಅರ್ಧ ಹೋದಂತೆ. ಈ ಲೆಕ್ಕವನ್ನು ಮೊದಲೇ ಹಾಕಬೇಕು.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ವಿಷಯದಲ್ಲಿ ‘ಪರ್ಮನೆಂಟ್’ ಎಂಬ ಮಾತು ಮಾಡುವ ಅನ್ಯಾಯ ದೊಡ್ಡದು. ಚಿಕ್ಕಂದಿನ ಗಂಟಲು ನೋವು, ಅದರ ಬೆನ್ನಿಗೆ ಬರುವ ಕೀಲು ಜ್ವರದಿಂದ (ರುಮ್ಯಾಟಿಕ್ ಫೀವರ್) ಕವಾಟ ಕೆಟ್ಟವರಲ್ಲಿ ಈ ವಯಸ್ಸಿನವರು ಬಹಳ. ವಾರ್ಫರಿನ್, ಅಸಿಟ್ರೋಮ್ ಎರಡೂ ಮಾಸದ ಮೂಲಕ ಮಗುವಿಗೆ ದಾಟುತ್ತವೆ, 6ರಿಂದ 12ನೇ ವಾರದೊಳಗೆ ಅಂಗಗಳ ಬೆಳವಣಿಗೆ ಕೆಡಿಸಬಲ್ಲವು. ಹಾಗೆಂದು ಮುಟ್ಟು ನಿಂತಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ತಾಯಿಯ ಕವಾಟದಲ್ಲಿ ಹೆಪ್ಪು ಕಟ್ಟಿಕೊಳ್ಳಬಹುದು, ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣವೇ ಹೆಚ್ಚಿರುತ್ತದೆ. ದಿನದ ವಾರ್ಫರಿನ್ 5 ಮಿಲಿಗ್ರಾಮಿನೊಳಗಿದ್ದರೆ ಮಗುವಿಗೆ ಅಪಾಯ ಕಡಿಮೆ. ಹೆಚ್ಚಿದ್ದರೆ ಮೊದಲ ತಿಂಗಳುಗಳಲ್ಲಿ ಹೆಪಾರಿನ್ ಚುಚ್ಚುಮದ್ದಿಗೆ ಬದಲಿಸಿ ರಕ್ತಪರೀಕ್ಷೆಯೊಂದಿಗೆ ನಡೆಸುತ್ತಾರೆ. ಟಿಶ್ಯೂ ಆರಿಸಿದರೆ ಮೂವತ್ತೈದು ನಲವತ್ತರ ಹೊತ್ತಿಗೆ ಮತ್ತೆ ಆಪರೇಷನ್. ಎರಡೂ ಹೊರೆಯೇ. ಹುಡುಗಿಯನ್ನು ಹೊರಗೆ ಕೂರಿಸಿ ಅಪ್ಪ, ಮಾವ ಮಾತ್ರ ತೀರ್ಮಾನಿಸುವ ವಿಷಯ ಇದಲ್ಲ.

ಯಾವ ಕವಾಟವಾದರೂ ತಪ್ಪದ ಕೆಲವು ಇವೆ. ಕೀಲು ಜ್ವರದವರಿಗೆ ಅದು ಮರುಕಳಿಸದಂತೆ ಕೊಡುವ ಮೂರು ವಾರಕ್ಕೊಮ್ಮೆಯ 12 ಲಕ್ಷ ಯೂನಿಟ್ ಪೆನಿಸಿಲಿನ್ ಕವಾಟ ಬದಲಾಯಿತೆಂದು ತಾನಾಗಿ ನಿಲ್ಲುವುದಿಲ್ಲ. ಅದೂ ಸೊಂಟಕ್ಕೇ ಚುಚ್ಚುವುದು, ಆದ್ದರಿಂದ ಅಸಿಟ್ರೋಮ್ ಮೇಲಿರುವವರು ಐಎನ್‌ಆರ್ ತೋರಿಸಿ, ಅದೇ ಇಂಜೆಕ್ಷನ್ನೋ ಬಾಯಿಗೆ ತೆಗೆದುಕೊಳ್ಳುವ ಮಾತ್ರೆಯೋ ಎಂದು ಹೃದಯದ ವೈದ್ಯರಿಂದ ಬರೆಸಿಕೊಳ್ಳಬೇಕು. ಹಲ್ಲು ಕೀಳಿಸುವ ಮೊದಲು, ಕವಾಟಕ್ಕೆ ಸೋಂಕು ತಗುಲದಂತೆ, ಅಮಾಕ್ಸಿಸಿಲಿನ್ 2 ಗ್ರಾಂ, ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧ. ಮೆಕ್ಯಾನಿಕಲ್ ಇದ್ದವರಿಗೆ ರಾತ್ರಿ ಕೇಳುತ್ತಿದ್ದ ಟಿಕ್ ಸದ್ದು ಮಂಕಾದರೆ ಅಥವಾ ನಿಂತರೆ, ಜೊತೆಗೆ ಏದುಸಿರು ಬಂದರೆ, ಬೆಳಗಾಗಲೆಂದು ಕಾಯಬಾರದು. ಜ್ವರ ಬಂದರೆ ಮಲೆನಾಡಿನಲ್ಲಿ ಮೊದಲು ಮಂಗನ ಕಾಯಿಲೆ, ಡೆಂಗಿ, ಇಲಿಜ್ವರದ ಯೋಚನೆ. ಪ್ಲೇಟ್‌ಲೆಟ್ ಇಳಿಸುವ ಜ್ವರವಾದರೆ ಅಸಿಟ್ರೋಮ್ ಮೇಲಿರುವವರಿಗೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು, ಅದೇ ದಿನ ಐಎನ್‌ಆರ್ ನೋಡಿಸಬೇಕು. ಕಾರಣ ಕಾಣದ ಜ್ವರ ಮೂರು ನಾಲ್ಕು ದಿನ ಎಳೆದರೆ ಕವಾಟದ ಸೋಂಕು ಇರಬಹುದು. ಆಗ ಹತ್ತಿರದ ಕ್ಲಿನಿಕ್ಕಿನಲ್ಲಿ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು ‘ವಾಲ್ವ್ ಇದೆ, ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದುಕೊಳ್ಳಿ’ ಎಂದು ಹೇಳಬೇಕು. ಎರಡು ಗುಳಿಗೆ ಒಳಗೆ ಹೋದ ಮೇಲೆ ಕಲ್ಚರಿನಲ್ಲಿ ರೋಗಾಣು ಬೆಳೆಯದೇ ಹೋಗಬಹುದು, ಯಾವ ಔಷಧ ಕೊಡಬೇಕೆಂಬುದು ಗೊತ್ತಾಗದೆ ವಾರಗಳು ಹೋಗುತ್ತವೆ.